ಟ್ರಿಗರ್ ಹಿಡಿದ ಕೈಯ ಮೇಲೆ ಊರಿನ ಕಣ್ಣು

ಫೋಟೋ ಸ್ಟುಡಿಯೋದವನನ್ನು ಜನ ಸುಲಭಕ್ಕೆ ನಂಬುವುದಿಲ್ಲ. ಅವನ ಕೈಯಲ್ಲಿ ಏರ್‌ಬ್ರಷ್ ಬೇರೆ ಇದ್ದರೆ ಕತೆ ಮುಗಿದಂತೆ. ಗೋಣಿಕೊಪ್ಪದ ಸ್ಟುಡಿಯೋದಲ್ಲಿ ನಾನು ಫೋಟೋ ತಿದ್ದುವ ಕೆಲಸಕ್ಕೆ ಸೇರಿದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೊಸದು. ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಸಾನಿಯೊಬ್ಬರು ತಮ್ಮ ಏರ್‌ಬ್ರಷ್ಷನ್ನು ನಮ್ಮ ಮಾಲೀಕರಿಗೆ ಕೊಟ್ಟು ಹೋಗಿದ್ದರು. ನೋಡಲು ದಪ್ಪ ಪೆನ್ನಿನಂತೆ. ಮೇಲೊಂದು ಪುಟ್ಟ ಟ್ರಿಗರ್. ಕೆಳಕ್ಕೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಒಳಗಿನ ಸೂಜಿ ಸರಿದು ಬಣ್ಣ ಮಂಜಿನಂತೆ ಹೊರಗೆ. ಬೆರಳಿಗೆ ಅದು ಮೆತ್ತಗೆ ಸಿಕ್ಕರೆ ಕೂದಲೆಳೆಯಷ್ಟು ಗೆರೆಯನ್ನೂ ಎಳೆಯಬಹುದು. ನಮ್ಮದು ಮಾತ್ರ ಮೆತ್ತಗೆ ಸಿಗುತ್ತಿರಲಿಲ್ಲ. ಅದನ್ನು ದಾರಿಗೆ ತರಲು ಹೊರಟ ನನ್ನ ಮೇಲೆ ಊರಿಗೆಲ್ಲ ಅನುಮಾನ, ನನಗೆ ಊರಿನ ಮೇಲೆ ಅನುಮಾನ.

ಲಾರಿ ಇಲ್ಲದ ಟಯರು

ಏರ್‌ಬ್ರಷ್ಷಿಗೆ ಗಾಳಿ ಬೇಕು. ಕಾಲಿನಲ್ಲಿ ತುಳಿಯುವ ಪಂಪಿನಿಂದ ಗಾಳಿ ಬಿಟ್ಟು ಬಿಟ್ಟು ಬರುತ್ತಿತ್ತು. ಟ್ರಿಗರ್ ಎಷ್ಟು ಹದವಾಗಿ ಒತ್ತಿದರೂ ಬಣ್ಣ ಬಿಕ್ಕಳಿಸುತ್ತಿತ್ತು. ಮಾಲೀಕರು ಎಲ್ಲಿಂದಲೋ ಲಾರಿಯ ಹಳೆಯ ಚಕ್ರವೊಂದನ್ನು ಟಯರು ಸಮೇತ ತರಿಸಿದರು. ಅದಕ್ಕೆ ಗಾಳಿ ತುಂಬಿಸಿ, ರಬ್ಬರ್ ಕೊಳವೆ ಸಿಕ್ಕಿಸಿದರೆ ಸಮನಾದ ಗಾಳಿ. ಗಾಳಿ ಮುಗಿದಾಗಲೆಲ್ಲ ನಾನು ಚಕ್ರವನ್ನು ಪೇಟೆಯ ನಡುವೆ ಉರುಳಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋಗುತ್ತಿದ್ದೆ.

ಹಾಸನದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸಪ್ಪ ಒಂದು ದಿನ ನನ್ನನ್ನು ತಡೆದು ಲಾರಿ ಯಾರದು ಅಂತ ಕೇಳಿದರು. ಲಾರಿ ಇಲ್ಲ ಅಂದೆ. ಹಾಗಾದರೆ ಟಯರು ಯಾಕೆ ಅಂದರು. ಫೋಟೋ ತಿದ್ದಲಿಕ್ಕೆ ಅಂದೆ. ಅವರ ಮುಖ ನೋಡಿದಾಗಲೇ ಈ ಉತ್ತರ ಕೊಡಬಾರದಿತ್ತು ಅನ್ನಿಸಿತು. ಸುಮ್ಮನೆ ನನ್ನ ಹಿಂದೆಯೇ ಸ್ಟುಡಿಯೋಕ್ಕೆ ಬಂದರು. ನಾನು ಕೊಳವೆ ಸಿಕ್ಕಿಸಿ, ಬಣ್ಣ ಹಾಕಿ, ಬಿಳಿ ಕಾಗದದ ಮೇಲೆ ಒಂದು ಮೋಡ ಬಿಡಿಸಿ ತೋರಿಸಿದೆ. ಬಗ್ಗಿ ನೋಡಿದರು, ಟಯರು ಮುಟ್ಟಿ ನೋಡಿದರು, ಮೋಡವನ್ನೂ ಮುಟ್ಟಿ ನೋಡಿದರು. ಆಮೇಲೆ ಕುರ್ಚಿ ಎಳೆದು ನನ್ನೆದುರು ಕೂತು, ತೀರಾ ಸಮಾಧಾನದಿಂದ ಕೇಳಿದರು:

"ಇದೆಲ್ಲ ಸರಿ ಕಣಪ್ಪ. ಈಗ ಲಾರಿ ಎಲ್ಲಿ ಬಚ್ಚಿಟ್ಟಿದ್ದೀಯ ಹೇಳಿಬಿಡು."

ಸುಬೇದಾರರ ಎಣ್ಣೆ

ಪೊನ್ನಂಪೇಟೆ ಕಡೆಯ ನಿವೃತ್ತ ಸುಬೇದಾರರೊಬ್ಬರು ತಮ್ಮ ಫೋಟೋ ದೊಡ್ಡದು ಮಾಡಿಸಲು ಕೊಟ್ಟಿದ್ದರು. ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, ಪರದೆಯ ಒಳಗೆ ನಾನು ಮಾಲೀಕರ ಹತ್ತಿರ ದೂರು ಹೇಳುತ್ತಿದ್ದೆ: ಟ್ರಿಗರ್ ಬಿಗಿಯಾಗಿದೆ, ಎಳೆದರೆ ತಡೆದು ತಡೆದು ಬರುತ್ತದೆ, ಒಂದು ಹನಿ ಎಣ್ಣೆ ಕಾಣಿಸಬೇಕು ಅಂತ. ಪರದೆ ಸರಿಯಿತು. ಸುಬೇದಾರರು ನಿಂತಿದ್ದರು. ಯಾವ ಕೋವಿ, ಯಾರದು ಅಂತ ವಿಚಾರಣೆ ಶುರುವಾಯಿತು. ಕೊಡಗಿನಲ್ಲಿ ಕೋವಿ ಇರುವುದು ಹೊಸದಲ್ಲ; ನನ್ನಂಥವನ ಹತ್ತಿರ ಇರುವುದು ಅವರಿಗೆ ಸರಿ ಕಾಣಲಿಲ್ಲ.

ಏರ್‌ಬ್ರಷ್ ತೋರಿಸಿದೆ. ಅವರಿಗೆ ನಿರಾಸೆಯಾಯಿತು. ಆದರೂ ಟ್ರಿಗರ್ ಅಂದ ಮೇಲೆ ಟ್ರಿಗರ್. ಬೆರಳಿಟ್ಟು ಎಳೆದು ನೋಡಿ, ಇದು ಆರೈಕೆ ಇಲ್ಲದೆ ಸೊರಗಿದೆ ಅಂದರು. ಮರುದಿನ ಕೋವಿಗೆ ಹಾಕುವ ಎಣ್ಣೆಯ ಸೀಸೆ ಹಿಡಿದುಕೊಂಡೇ ಬಂದರು. ಸೂಜಿಯ ತುದಿಗೆ ಎಣ್ಣೆ ಹೋಗಬಾರದು, ಟ್ರಿಗರಿನ ಬುಡಕ್ಕೆ ಕಡ್ಡಿಯಲ್ಲಿ ಮುಟ್ಟಿಸಿದರೆ ಸಾಕು ಅಂತ ನಾನು ಹೇಳುವಷ್ಟರಲ್ಲಿ ಸುರಿದಾಗಿತ್ತು. ಟ್ರಿಗರ್ ಏನೋ ಬೆಣ್ಣೆಯಂತಾಯಿತು. ಅವರೆದುರೇ ಅವರ ಫೋಟೋದ ಹಿನ್ನೆಲೆಗೆ ಬಣ್ಣ ಬಿಟ್ಟೆ. ಎಣ್ಣೆ ಬೆರೆತ ಬಣ್ಣ ಚಟಚಟ ಸಿಡಿದು ಫೋಟೋದ ಹಣೆ, ಕೆನ್ನೆ, ಮೀಸೆ ಎಲ್ಲ ಚುಕ್ಕೆ ಚುಕ್ಕೆ.

ಸುಬೇದಾರರು ಬಹಳ ಹೊತ್ತು ನೋಡಿ, ತಮಗೆ ಯಾವತ್ತೂ ಸಿಡುಬು ಆಗಿರಲಿಲ್ಲ ಅಂದರು. ಇದು ನಿಮ್ಮ ಎಣ್ಣೆಯ ಕೆಲಸ ಅಂತ ಮೆಲ್ಲಗೆ ಹೇಳಿದೆ. ಅವರು ಸೀಸೆಯ ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡರು.

"ಎಣ್ಣೆಯಲ್ಲಿ ತಪ್ಪಿಲ್ಲ. ನಿನ್ನ ಗುರಿ ಸರಿ ಇಲ್ಲ."

ಒಂದೇ ಪರದೆಯ ಹಿಂದೆ

ಎಣ್ಣೆ ತೊಳೆದು, ಹಿಂಬದಿಯ ತಿರುಪು ಸಡಿಲಿಸಿ, ಸ್ಪ್ರಿಂಗಿನ ಬಿಗಿ ಕಡಿಮೆ ಮಾಡಿ, ಅಂತೂ ಟ್ರಿಗರನ್ನು ನನ್ನ ಬೆರಳಿಗೆ ಒಗ್ಗಿಸಿದೆ. ಶನಿವಾರ ಚೆನ್ನಾಗಿರುತ್ತಿತ್ತು. ಭಾನುವಾರ ಸಂತೆ, ನನಗೆ ರಜೆ. ಸೋಮವಾರ ಬಂದು ಎಳೆದರೆ ಗರಗರ. ಬಿಚ್ಚಿ ನೋಡಿದರೆ ಸೂಜಿಯ ತುದಿ ಬಾಗಿರುತ್ತಿತ್ತು, ಮೈಯೆಲ್ಲ ಗೀರು.

ನನಗೆ ಅನುಮಾನ ಬಂದದ್ದು ನಮ್ಮಲ್ಲೇ ಫೋಟೋ ತೊಳೆಯುತ್ತಿದ್ದ ಡಾರ್ಕ್ ರೂಮಿನವನ ಮೇಲೆ. ನನ್ನ ಜಾಗದ ಮೇಲೆ ಅವನಿಗೆ ಕಣ್ಣು ಅಂತ ಖಾತ್ರಿಯಾಗಿತ್ತು. ನಾನೇ ಹಾಳು ಮಾಡಿ ಅವನ ತಲೆಗೆ ಕಟ್ಟುತ್ತಿದ್ದೇನೆ ಅಂತ ಅವನು ಮಾಲೀಕರ ಕಿವಿಯಲ್ಲಿ ಊದುತ್ತಿದ್ದ. ಒಟ್ಟಿಗೆ ಚಹಾ ಕುಡಿಯುವುದು ನಿಂತಿತು, ಮಾತೂ ನಿಂತಿತು. ಮಾಲೀಕರು ಇಬ್ಬರಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸುವ ಮಾತಾಡಿದರು.

ಒಂದು ಭಾನುವಾರ ಊಟದ ಹೊತ್ತಿಗೆ ಹಿಂಬಾಗಿಲಿನಿಂದ ನುಸುಳಿ ಕಪ್ಪು ಪರದೆಯ ಹಿಂದೆ ನಿಂತೆ. ಪಕ್ಕದಲ್ಲಿ ಯಾರೋ ಉಸಿರಾಡಿದಂತಾಯಿತು. ಡಾರ್ಕ್ ರೂಮಿನವನು, ನನ್ನನ್ನು ಹಿಡಿಯಲೆಂದು ನನಗಿಂತ ಮೊದಲೇ ಬಂದು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಗುರುಗುಟ್ಟಿ ನೋಡುತ್ತಿರುವಾಗ ಸ್ಟುಡಿಯೋಕ್ಕೆ ಅಂಟಿದ ಮನೆಯೊಳಗಿನಿಂದ ಮಾಲೀಕರ ತಾಯಿ ಬಂದರು. ಪಳಗಿದ ಕೈಯಿಂದ ಏರ್‌ಬ್ರಷ್ಷಿನ ಹಿಂಭಾಗ ತಿರುಗಿಸಿ, ಸೂಜಿ ಎಳೆದುಕೊಂಡು ಹಿತ್ತಿಲ ಜಗಲಿಗೆ ಹೋದರು. ಅಲ್ಲಿ ಸಂತೆಗೆ ಬಂದಿದ್ದ ತೋಟದ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಳು. ಅಮ್ಮ ಅವಳ ಅಂಗಾಲಿನ ಮುಳ್ಳನ್ನು ಸೂಜಿಯಿಂದ ಎತ್ತಿ ತೆಗೆದು, ಸೂಜಿಯನ್ನು ಅರೆಯುವ ಕಲ್ಲಿಗೆ ಉಜ್ಜಿ ಚೂಪು ಮಾಡಿದರು.

ನಾವಿಬ್ಬರೂ ಹೋಗಿ ಎದುರು ನಿಂತೆವು. ಅವರು ಒಂದಿಷ್ಟೂ ಅಳುಕಲಿಲ್ಲ.

"ಒಳ್ಳೇ ಸೂಜಿ ಮಕ್ಕಳೇ. ಆದರೆ ಯಾರೋ ಇದಕ್ಕೆ ದಿನಾ ಬಣ್ಣ ಮೆತ್ತಿ ಹಾಳು ಮಾಡ್ತಾರೆ. ನಿಮ್ಮಿಬ್ಬರಲ್ಲಿ ಯಾರು ಅಂತ ನಾನೂ ನೋಡ್ತಾ ಇದ್ದೇನೆ."

ಯಾರ ಕೈ ಅದು

ಅಮ್ಮನಿಗೆ ಬೇರೆ ಸೂಜಿ ತಂದುಕೊಟ್ಟೆವು. ಏರ್‌ಬ್ರಷ್ಷಿನ ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ, ತೊಗಲಿನ ಮೇಲೆ ತಿಕ್ಕಿ ಹೊಳಪು ಕೊಟ್ಟೆ. ಟ್ರಿಗರ್ ಆಮೇಲೆ ಎಷ್ಟು ನಯವಾಯಿತೆಂದರೆ, ತಲೆಗೂದಲಿನ ಅಂಚಿನವರೆಗೂ ಬಣ್ಣ ತಂದು ನಿಲ್ಲಿಸಬಹುದಿತ್ತು.

ಆಗಲೇ ಶ್ರೀಮಂಗಲದ ಒಬ್ಬರು ಮಗಳ ಫೋಟೋಕ್ಕೆ ಬಂದರು. ಗಂಡಿನ ಮನೆಗೆ ತುರ್ತಾಗಿ ಕಳಿಸಬೇಕು, ಹುಡುಗಿ ದೂರದ ಹಾಸ್ಟೆಲಿನಲ್ಲಿದ್ದಾಳೆ, ಮನೆಯಲ್ಲಿರುವುದು ಯಾವುದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋ ಮಾತ್ರ. ಅದನ್ನು ದೊಡ್ಡದು ಮಾಡಿ, ಹುಡುಗಿಯೊಬ್ಬಳನ್ನು ಬಿಟ್ಟು ಸುತ್ತಲಿನವರ ಮೇಲೆಲ್ಲ ಬೂದು ಬಣ್ಣ ಬಿಟ್ಟೆ. ಆ ಚಿತ್ರವನ್ನು ನಮ್ಮಲ್ಲೇ ಇಟ್ಟುಕೊಂಡು, ಅದರ ಫೋಟೋ ತೆಗೆದು ಕೊಟ್ಟೆವು.

ಕೆಲವು ದಿನ ಬಿಟ್ಟು ಗಂಡಿನ ಸೋದರತ್ತೆ ಸ್ಟುಡಿಯೋಕ್ಕೇ ಬಂದರು. ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಹುಡುಗಿಯ ತಂದೆ. ಇಷ್ಟು ಚೆಂದದ ಫೋಟೋ ಇದ್ದರೆ ಏನೋ ಮುಚ್ಚಿಟ್ಟಿದ್ದೀರಿ ಅಂತಲೇ ಅರ್ಥ, ಅದೇನು ಅಂತ ಗೊತ್ತಾಗದೆ ಸಂಬಂಧ ಮುಂದಕ್ಕೆ ಹೋಗುವುದಿಲ್ಲ ಅಂದರು. ಮುಖಕ್ಕೆ ಕೈ ಹಚ್ಚಿಲ್ಲ ಅಂತ ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಬಣ್ಣ ಬಿಟ್ಟ ಮೂಲ ಚಿತ್ರವನ್ನೇ ಮೇಜಿನ ಮೇಲಿಟ್ಟು, ಇದು ನೀರಿಗೆ ಹೋಗುವ ಬಣ್ಣ, ನೀವೇ ಒರೆಸಿ ನೋಡಿ ಅಂತ ಒದ್ದೆ ಹತ್ತಿ ಕೊಟ್ಟೆ.

ಅವರು ಹುಡುಗಿಯ ಮುಖ ಒರೆಸಿದರು. ಏನೂ ಹೋಗಲಿಲ್ಲ. ಮೂಗು, ಹಲ್ಲು, ಹಣೆ, ಎಲ್ಲ ಇದ್ದ ಹಾಗೇ. ಸಮಾಧಾನವಾಗದೆ ಭುಜದ ಪಕ್ಕ ಒರೆಸಿದರು. ಬೂದು ಕರಗಿ ಅಲ್ಲೊಂದು ಕೈ ಮೂಡಿತು, ಹುಡುಗಿಯ ಭುಜದ ಮೇಲೆ. ಅತ್ತೆಯ ಹುಬ್ಬು ಮೇಲೇರಿತು. ಹುಡುಗಿಯ ತಂದೆ ಬೆವರಿದರು.

"ಯಾರ ಕೈ ಇದು?"

ಗೊತ್ತಿಲ್ಲ ಅಂದರು ತಂದೆ. ಬಣ್ಣ ಬಿಡುವಾಗ ಸುತ್ತಲಿನ ಮುಖಗಳನ್ನು ನಾನೂ ಗಮನಿಸಿರಲಿಲ್ಲ. ಅತ್ತೆ ತುಟಿ ಬಿಗಿಹಿಡಿದು ಕೈಯ ಜಾಡು ಹಿಡಿದು ಒರೆಸುತ್ತ ಹೋದರು. ಬಳೆ ಬಂತು. ತೋಳು ಬಂತು. ಸೀರೆಯ ಸೆರಗು ಬಂತು. ಆಮೇಲೆ ಒಂದು ಮುಖ: ಒಂದು ಕೆನ್ನೆ ಉಬ್ಬಿಸಿ, ಬಾಯಿತುಂಬ ಹಂದಿ ಮಾಂಸದ ಪಂದಿ ಕರಿ ತುಂಬಿಕೊಂಡು, ಕ್ಯಾಮೆರಾವನ್ನೇ ಅನುಮಾನದಿಂದ ನೋಡುತ್ತಿರುವ ಮುಖ. ಅತ್ತೆಯದೇ.

ಆ ಮದುವೆಯಲ್ಲಿ ಪಕ್ಕದಲ್ಲಿ ನಿಂತವಳು ಯಾರೆಂದೂ ನೋಡದೆ, ಫೋಟೋಕ್ಕೆ ಹತ್ತಿದ ಬೆಂಚಿನಿಂದ ಜಾರದಿರಲು ಇವರು ಅವಳ ಭುಜ ಹಿಡಿದಿದ್ದರು. ಹತ್ತಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹೆಣ್ಣಿನ ಬಗ್ಗೆ ತಮಗೆ ತಕರಾರಿಲ್ಲ, ದಿನ ನೋಡಿ ಅಂತ ಹುಡುಗಿಯ ತಂದೆಗೆ ಹೇಳಿದರು. ಅವರು ಖುಷಿಯಿಂದ ಹೊರಗೆ ಹೋದ ಮೇಲೆ ಅತ್ತೆ ಬಾಗಿಲಿನ ಕಡೆಗೊಮ್ಮೆ ನೋಡಿ, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದು ದನಿ ತಗ್ಗಿಸಿದರು.

"ನನ್ನನ್ನು ಮುಚ್ಚಬೇಡಪ್ಪ, ಹುಡುಗಿಯ ಪಕ್ಕದಲ್ಲೇ ಇರ್ತೇನೆ. ಆ ಕೆನ್ನೆ ಮಾತ್ರ ಸ್ವಲ್ಪ ಇಳಿಸು. ಯಾರಿಗೂ ಅನುಮಾನ ಬರಬಾರದು."