ಕೃಷ್ಣಪ್ರಸಾದರ ಚೀನೀ ಜೋಡಿ

ವಲೇರಿಯನ್ ಮಟಾಟು ವ್ಯಾನಿನಿಂದ ಇಳಿದಾಗ ಅದು ಇನ್ನೂ ಪೂರ್ತಿ ನಿಂತಿರಲಿಲ್ಲ. ನೈರೋಬಿಯಲ್ಲಿ ಮಟಾಟು ಪೂರ್ತಿ ನಿಲ್ಲುವುದು ಪೆಟ್ರೋಲ್ ಮುಗಿದಾಗ ಮಾತ್ರ. ಹೀಗೆ ಎರಡು ಸಾವಿರದ ಏಳರ ಒಂದು ಭಾನುವಾರ ಬೆಳಿಗ್ಗೆ ವಲೇರಿಯನ್ನರ ಕಾಲು ಉಳುಕಿತು. ಕುಂಟುವ ಪಾಳಿ ಮಾತ್ರ ಅವರ ಡಬಲ್ಸ್ ಜೊತೆಗಾರ ಕೃಷ್ಣಪ್ರಸಾದರಿಗೆ ಬಂತು.

ಅಂದು ಕನ್ನಡ ಸಂಘದ ಬ್ಯಾಡ್ಮಿಂಟನ್ ಫೈನಲ್. ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದ ಕೃಷ್ಣಪ್ರಸಾದರು ನಾಲ್ಕು ಸಲ ಫೈನಲ್ ಮುಟ್ಟಿ, ನಾಲ್ಕೂ ಸಲ ಸಂಘದ ಅಧ್ಯಕ್ಷ ದ್ವಾರಕಾನಾಥರ ಎದುರು ಸೋತಿದ್ದರು. ಗೆದ್ದವರ ಹೆಸರು ಬರೆಯುವ ಮರದ ಹಲಗೆಯಲ್ಲಿ ದ್ವಾರಕಾನಾಥರ ಹೆಸರು ಸಹಸ್ರನಾಮದ 'ನಮಃ'ದಂತೆ ಸಾಲುಸಾಲಿಗೂ ಬರುತ್ತಿತ್ತು. ಮುಂದಿನ ತಿಂಗಳು ಕೃಷ್ಣಪ್ರಸಾದರಿಗೆ ಮೈಸೂರಿಗೆ ವರ್ಗ. ಆ ಹಲಗೆಗೆ ಅವರ ಹೆಸರು ಏರುವುದಾದರೆ ಇವತ್ತೇ ಏರಬೇಕು.

"ಜೋಡಿ ಇಲ್ದಿದ್ರೆ ಯಾರನ್ನಾದ್ರೂ ಕರ್ಕೊಂಡ್ ಬನ್ನಿ ಪ್ರಸಾದ್," ಎಂದು ದ್ವಾರಕಾನಾಥರು ಫೋನಿನಲ್ಲಿ ಉದಾರವಾಗಿ ನಕ್ಕರು. "ನಿಮ್ಮ ಗೇಟ್ ಕಾಯೋ ಅಸ್ಕಾರಿ ಆದ್ರೂ ಪರವಾಗಿಲ್ಲ. ಲಾಠಿ ಬೀಸಿ ಅಭ್ಯಾಸ ಇರತ್ತೆ."

ದೇವರ ದೀಪದ ಬತ್ತಿ ಸರಿಪಡಿಸುತ್ತಿದ್ದ ಹೆಂಡತಿ ಮೈಥಿಲಿ ತಿರುಗಿದಳು. "ಮೇಲಿನ ಫ್ಲ್ಯಾಟಲ್ಲಿ ಆ ಚೀನಾದ ಹುಡುಗ ಇದಾನಲ್ರೀ, ರಸ್ತೆ ಕಂಪನಿಯೋನು. ಮೊನ್ನೆ ಕೋಸಂಬರಿ ಕೊಡೋಕೆ ಹೋದಾಗ ನೋಡ್ದೆ. ಬ್ಯಾಟ್ ಹಿಡ್ಕೊಂಡಿರೋ ಫೋಟೋ ಹಾಕಿದಾನೆ. ಪಕ್ಕದಲ್ಲಿ ಮೆಡಲ್ ಹಾಕ್ಕೊಂಡೋರು ನಿಂತಿದಾರೆ."

ಗಜೇಂದ್ರನ ಕೂಗಿಗೆ ನಾರಾಯಣ ಇಳಿದು ಬಂದ ವೇಗದಲ್ಲಿ ಕೃಷ್ಣಪ್ರಸಾದರು ಮೆಟ್ಟಿಲು ಹತ್ತಿಹೋದರು.

ಅವನ ಹೆಸರು ಮೆಂಗ್. ಇಪ್ಪತ್ತಮೂರರ ಪ್ರಾಯ. ಒಂಬತ್ತನೇ ವಯಸ್ಸಿಗೇ ಕ್ರೀಡಾಶಾಲೆ ಸೇರಿದ್ದನಂತೆ. ಡಬಲ್ಸ್ ಬಿಟ್ಟು ಬೇರೆ ಆಡಿದ್ದೇ ಇಲ್ಲ. ಏಳು ವರ್ಷ ಪ್ರತಿದಿನ ಚಾಂಪಿಯನ್ನರ ಜೊತೆ ಕೋರ್ಟಿನಲ್ಲಿ. ಮುರುಕು ಇಂಗ್ಲಿಷಿನಲ್ಲಿ ಇಷ್ಟು ಹೇಳಿ ಬಟ್ಟೆಗಳ ಅಡಿಯಿಂದ ರಾಕೆಟ್ ತೆಗೆದ. ಎರಡು ವರ್ಷ ಮುಟ್ಟಿರಲಿಲ್ಲ. ಅದನ್ನು ಹಿಡಿದಾಗ ಅವನ ಮುಖ, ಬಹಳ ದಿನದ ಮೇಲೆ ತವರಿನ ಹೊಸ್ತಿಲು ದಾಟಿದವಳ ಮುಖದಂತಿತ್ತು.

ಅವರಿದ್ದ ಕಿಲಿಮಾನಿ ಬಡಾವಣೆಯಲ್ಲಿ ಆಗ ಈಗಿನಷ್ಟು ಎತ್ತರದ ಕಟ್ಟಡಗಳಿರಲಿಲ್ಲ. ರಾತ್ರಿಯೆಲ್ಲ ಉದುರಿದ ಜಕರಂಡಾ ಹೂವು ಕಾರಿನ ಮೇಲೆ ನೇರಳೆ ಶಾಲು ಹೊದಿಸಿರುತ್ತಿತ್ತು. ಅದನ್ನು ಒರೆಸದೆಯೇ ಮೂವರೂ ಲಂಗಾಟಾ ರಸ್ತೆಯ ಹಾಲ್‌ಗೆ ಹೊರಟರು.

"ಇವತ್ತು ಮುಖ್ಯವಾದವರು ಯಾರು ಸರ್?" ಒಳಗೆ ಕಾಲಿಡುತ್ತಲೇ ಮೆಂಗ್ ಕೇಳಿದ.

ಕೃಷ್ಣಪ್ರಸಾದರದು ಹಿರಿಯರ ಮುಂದೆ 'ನಾನು' ಎನ್ನದ ಮನೆತನ. "ಅಯ್ಯೋ, ನಾವೇನು ಬಿಡಪ್ಪ. ದ್ವಾರಕಾನಾಥ್ ಸರ್ ದೊಡ್ಡವರು. ಅವರಿಂದಲೇ ಇದೆಲ್ಲ," ಎಂದು ಕೈಮುಗಿದೇ ತೋರಿಸಿದರು. ಮೆಂಗ್ ಗಂಭೀರವಾಗಿ ತಲೆಯಾಡಿಸಿದ.

ಆಟ ಶುರುವಾಯಿತು. ಮೆಂಗನ ಕೈಯಿಂದ ಒಂದು ಶಟಲ್ಲೂ ತಪ್ಪಲಿಲ್ಲ. ಆದರೆ ಅವನು ಹೊಡೆದದ್ದೆಲ್ಲ ಮೆತ್ತಗೆ ಮೇಲೇರಿ, ನೈವೇದ್ಯದ ಹಾಗೆ ದ್ವಾರಕಾನಾಥರ ರಾಕೆಟ್ಟಿನ ಮುಂದೆಯೇ ಇಳಿಯುತ್ತಿತ್ತು. ಅವರು ಹಾರಿ ಹಾರಿ ಬಾರಿಸಿದರು. ಬಾರಿಸಿದ್ದೆಲ್ಲ ಕೃಷ್ಣಪ್ರಸಾದರ ಹೊಟ್ಟೆಗೆ ಬಂತು. ದ್ವಾರಕಾನಾಥರ ಜೋಡಿ ಬದರೀನಾಥರು ಕೆಲಸವೇ ಇಲ್ಲದೆ ಕನ್ನಡಕ ಒರೆಸಿಕೊಂಡು ನಿಂತರು.

"ರೀ, ಮಂಡಿನೋವು ಎಲ್ಲೋಯ್ತ್ರೀ?" ದ್ವಾರಕಾನಾಥರ ಹೆಂಡತಿ ಶಾಂತಾ ಕೂಗಿದರು. "ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಅರ್ಧ ಗಂಟೆ ಬೇಕು ಇವರಿಗೆ!"

ಮೊದಲ ಗೇಮ್ ಇಪ್ಪತ್ತೊಂದು–ಎಂಟಕ್ಕೆ ಹೋಯಿತು.

"ಏನಪ್ಪಾ, ಅವರಿಗೆ ಹಾಗೆ ತಟ್ಟೇಲಿಟ್ಟು ಕೊಡ್ತಿದೀಯ?" ಕೃಷ್ಣಪ್ರಸಾದರು ಏದುಸಿರು ಬಿಟ್ಟರು.

"ಅವರೇ ಮುಖ್ಯ ಅಂದ್ರಲ್ಲ ಸರ್!"

ಆಮೇಲೆ ನಿಧಾನವಾಗಿ ಹೇಳಿದ. ಹದಿನಾಲ್ಕನೇ ವಯಸ್ಸಿನಲ್ಲಿ ಅವನ ಜೋಡಿಯ ಹುಡುಗ ದೊಡ್ಡ ತಂಡಕ್ಕೆ ಆಯ್ಕೆಯಾದ. ಕೋಚ್ ಮೆಂಗನ ಹೆಗಲ ಮೇಲೆ ಕೈಯಿಟ್ಟು, ನಿನ್ನೆದುರು ಯಾರು ನಿಂತರೂ ಚೆನ್ನಾಗಿ ಆಡುತ್ತಾರೆ, ನೀನು ಇಲ್ಲೇ ಇರು ಎಂದರು. ಅಂದಿನಿಂದ ಅವನದು ಅಭ್ಯಾಸ ಮಾಡಿಸುವ ಕೆಲಸ. ಇವತ್ತು ಮುಖ್ಯವಾದವರು ಇವರು ಎಂದು ಕೋಚ್ ದಿನಾ ಬೆಳಿಗ್ಗೆ ಒಬ್ಬ ಆಟಗಾರರನ್ನು ತೋರಿಸುತ್ತಿದ್ದರು. ಸಂಜೆಯೊಳಗೆ ಅವರ ಆಟ ಒಂದು ಮೆಟ್ಟಿಲು ಮೇಲೇರಬೇಕು. ಪಂದ್ಯದ ದಿನ ಅವರು ವಿಮಾನ ಹತ್ತುತ್ತಿದ್ದರು. ಮೆಂಗ್ ಖಾಲಿ ಹಾಲ್‌ನಲ್ಲಿ ಶಟಲ್ ಆರಿಸುತ್ತಿದ್ದ.

"ಟೀವಿಯಲ್ಲಿ ಅವರು ಗೆದ್ದಾಗ, ಆ ಹೊಡೆತ ಕಲಿಸಿದ್ದು ನಾನು ಅಂತ ಖುಷಿ ಆಗ್ತಿತ್ತು ಸರ್."

ಕೃಷ್ಣಪ್ರಸಾದರ ಕೋಪ ಇಳಿದುಹೋಯಿತು. ಚಿಕ್ಕಂದಿನಲ್ಲಿ ಊರಿಗೆ ಬರುತ್ತಿದ್ದ ಹರಿಕಥೆಯವರ ಬೆನ್ನಿಗೆ ನಿಂತು, ರಾತ್ರಿಯಿಡೀ ತಾಳ ಹಾಕುತ್ತಿದ್ದ ಮುದುಕನ ಪ್ರಸನ್ನ ಮುಖ ನೆನಪಾಯಿತು. ಮಂಗಳಾರತಿಯ ತಟ್ಟೆ ಅವನವರೆಗೆ ಬರುವಷ್ಟರಲ್ಲಿ ಆರಿರುತ್ತಿತ್ತು. ಅವನು ಆರಿದ ಕರ್ಪೂರಕ್ಕೂ ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ಕರಗಿದ್ದು ಸಾಕು," ಎಂದು ಮೈಥಿಲಿ ತಿವಿದಳು. "ಇವತ್ತು ನೀವೇ ಮುಖ್ಯ ಅಂತ ಅವನಿಗೆ ಹೇಳಿ."

"ಹಾಗೆಲ್ಲ ನಮ್ಮ ಬಾಯಿಂದ ನಾವೇ ಹೇಗೆ ಹೇಳ್ಕೊಳ್ಳೋದೇ?"

"ನಮ್ಮ ಮದುವೆ ದಿನಾನೂ ಹೇಳ್ಕೊಳ್ಳಲಿಲ್ಲ ನೀವು. ಪುರೋಹಿತರು ನಿಮ್ಮ ತಮ್ಮನ ಕೈಗೆ ತಾಳಿ ಕೊಡೋಕೆ ಹೋಗಿದ್ರು. ಈಗಾದ್ರೂ ಹೇಳ್ರೀ!"

ಕೃಷ್ಣಪ್ರಸಾದರು ಕಣ್ಣು ಮುಚ್ಚಿ ಮನೆದೇವರನ್ನು ನೆನೆದರು. "ಇವತ್ತು ನಾನೇ ಮುಖ್ಯ! ನಾನೊಬ್ಬನೇ!"

ಸರಿಯಾಗಿ ಆ ಗಳಿಗೆಯಲ್ಲೇ ಹಾಲ್ ನಿಶ್ಶಬ್ದವಾಗಿತ್ತು. ವಡೆ ಹಿಡಿದ ಕೈಗಳು ಬಾಯಿಯ ಹತ್ತಿರವೇ ನಿಂತವು.

"ಆಗ್ಲಿ ಸ್ವಾಮಿ, ಒಪ್ಕೊಂಡ್ವಿ," ಎಂದರು ದ್ವಾರಕಾನಾಥರು.

ಮೆಂಗನ ಮುಖ ಮಾತ್ರ ದೀಪ ಹಚ್ಚಿದಂತೆ ಬೆಳಗಿತು.

ಎರಡನೇ ಗೇಮಿನ ಮೊದಲ ಶಟಲ್ ನೇರವಾಗಿ ಮೆಂಗನ ಬಳಿಗೇ ಬಂತು. ಅವನು ವಿನಯದಿಂದ ಪಕ್ಕಕ್ಕೆ ಸರಿದ.

"ಬಿಟ್ಯಲ್ಲೋ!"

"ಮುಖ್ಯವಾದವರು ನೀವು ಸರ್. ಹೊಡೆಯಬೇಕಾದ್ದು ನೀವು. ಇಲ್ಲದಿದ್ದರೆ ಆಟ ಮೇಲೇರುವುದು ಹೇಗೆ?"

ಎಡಕ್ಕೆ ಬಂದದ್ದು, ಬಲಕ್ಕೆ ಬಂದದ್ದು, ನೆಟ್ಟಿನ ಬುಡಕ್ಕೆ ಬಿದ್ದದ್ದು, ಎಲ್ಲವೂ ಕೃಷ್ಣಪ್ರಸಾದರ ಪಾಲಾಯಿತು. ಮೆಂಗ್ ಗೆರೆಯುದ್ದಕ್ಕೂ ಜೊತೆಗೆ ಓಡುತ್ತಾ, "ಕಾಲು ಸರ್, ಕಾಲು! ಮೊಣಕೈ ಮೇಲೆ!" ಎಂದು ಅಕ್ಕರೆಯಿಂದ ಕೂಗಿದ. ಬೇಡವೆಂದು ಹೇಳಲು ಕೃಷ್ಣಪ್ರಸಾದರಿಗೆ ಉಸಿರೇ ಇರಲಿಲ್ಲ. ಅಂಗಿ ಆಗತಾನೆ ಕಾವೇರಿಯಲ್ಲಿ ಮುಳುಗೆದ್ದಂತಾಯಿತು. ನಡುವೆ ಒಮ್ಮೆ, ಜನ್ಮದಲ್ಲಿ ಹೊಡೆದಿರದ ಒಂದು ಸ್ಮ್ಯಾಶ್ ಹೊಡೆದೇಬಿಟ್ಟರು. ಬದರೀನಾಥರ ಕನ್ನಡಕ ಹಾರಿತು. ಇಪ್ಪತ್ತೊಂದು–ಹನ್ನೊಂದು. ಒಬ್ಬರೇ ಆಡಿ, ಇಬ್ಬರು ಗಳಿಸಿದ್ದಕ್ಕಿಂತ ಮೂರು ಹೆಚ್ಚು ಗಳಿಸಿ ಕೃಷ್ಣಪ್ರಸಾದರು ಐದನೇ ಸಲ ಸೋತು ನೆಲದ ಮೇಲೆ ಮಲಗಿದರು.

ಮೆಂಗ್ ಪಕ್ಕದಲ್ಲಿ ಮಂಡಿಯೂರಿ ಟವೆಲಿನಿಂದ ಅವರ ಹಣೆ ಒರೆಸಿದ. ಅವನ ಕಣ್ಣು ತುಂಬಿತ್ತು.

"ಒಂದೇ ದಿನದಲ್ಲಿ ಇಷ್ಟು ಮೇಲೇರಿದವರನ್ನು ನಾನು ನೋಡಿಯೇ ಇಲ್ಲ ಸರ್. ಇನ್ನೊಂದು ವರ್ಷ ಸಾಕು, ಗೆಲ್ಲುವವರು ನೀವೇ. ಮುಂದಿನ ಭಾನುವಾರದಿಂದಲೇ ಶುರು ಮಾಡೋಣ."

"ಮುಂದಿನ ಭಾನುವಾರದಿಂದ ಸಾಮಾನು ಕಟ್ಟೋದಿದೆ ಕಣಪ್ಪಾ," ಎಂದರು ಕೃಷ್ಣಪ್ರಸಾದರು, ಚಾವಣಿ ನೋಡುತ್ತಾ.

ಪಕ್ಕದಲ್ಲಿ ನಿಂತಿದ್ದ ದ್ವಾರಕಾನಾಥರು ಮೆಲ್ಲಗೆ ಬಗ್ಗಿದರು.

"ಹಾಗಾದ್ರೆ ಪ್ರಸಾದ್, ಈ ಹುಡುಗನ ಭಾನುವಾರಗಳನ್ನೆಲ್ಲ ನನಗೆ ಬಿಟ್ಟುಕೊಡಿ."