ಅಮ್ಮನ ಮಾತ್ರೆಯೂ ತಂಗಿಯ ಮಾತ್ರೆಯೂ

ನಮ್ಮ ಶಿರಾದಲ್ಲಿ ಬಾಯಿಬಿಟ್ಟು ಒಂದು ಸಲ ಕೆಮ್ಮುವ ಹಾಗಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ, ಗುರುತು ಪರಿಚಯವಿಲ್ಲದ ಪುಣ್ಯಾತ್ಮರೂ ಪರ್ಸಿನಿಂದ ಅರ್ಧ ಮುಗಿದ ಮಾತ್ರೆಯ ಶೀಟು ತೆಗೆದು, "ನುಂಗ್ಬುಡಿ, ನಂಗೆ ಒಂದೇ ದಿನಕ್ಕೆ ವಾಸಿಯಾತು" ಎನ್ನುತ್ತಾರೆ. ಒಂದು ಲೋಟ ಮಜ್ಜಿಗೆ ಕೊಡಲು ಹಿಂದೆಮುಂದೆ ನೋಡುವ ಜನ, ಗುಳಿಗೆ ವಿಷಯಕ್ಕೆ ಬಂದರೆ ದಾನಶೂರ ಕರ್ಣರು! ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಉರಿಯದೆ ಏನು? ನನ್ನ ಅಮ್ಮನಿಗೆ ಮರೆವಿನ ಕಾಯಿಲೆ, ಅಲ್ಝೈಮರ್. ಮಿದುಳಿನಲ್ಲಿ ಒಂದು ನರಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಸವಿದೆಯಂತೆ. ಈ ಕಾಯಿಲೆಯಲ್ಲಿ ಅದು ಬತ್ತುತ್ತದಂತೆ. "ಮಾತ್ರೆಯಿಂದ ಕಾಯಿಲೆ ಹೋಗಲ್ಲ, ಇರೋ ರಸ ಬೇಗ ಹಾಳಾಗದಂಗೆ ಕಾಯುತ್ತೆ ಅಷ್ಟೇ" ಎಂದಿದ್ದರು ತುಮಕೂರಿನ ಡಾಕ್ಟರು. ಕೆರೆಯಲ್ಲಿ ನೀರು ಕಡಿಮೆಯಾದಾಗ ತೂಬು ಮುಚ್ಚುತ್ತಾರಲ್ಲ, ಹಾಗೆ ಎಂದುಕೊಂಡೆ. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ, ನನ್ನನ್ನೇ ಮರೆತಿದ್ದ ಅಮ್ಮ ಮತ್ತೆ ನನ್ನ ಹೆಸರು ಹಿಡಿದು ಬೈಯತೊಡಗಿದಳು. "ಲೇ ರಂಗ, ತಲೆ ಬಾಚ್ಕಳ್ಳಲಾ, ಕರಡಿ ಇದ್ದಂಗಿದ್ದೀಯ!" ಆ ಬೈಗುಳ ಕೇಳಿ ನಾನು ಕುಣಿಯುವುದೊಂದು ಬಾಕಿ. ಉಳಿದಿದ್ದ ನಾಲ್ಕು ಕೂದಲನ್ನು ಖುಷಿಯಿಂದ ಬಾಚಿಕೊಂಡೆ.

ಅಷ್ಟರಲ್ಲಿ ಗಂಡನ ಊರು ಪುರವರದಿಂದ ನನ್ನ ತಂಗಿ ಗೌರಿ ಅಮ್ಮನನ್ನು ನೋಡಿಕೊಳ್ಳಲು ಬಂದಳು. ಅವಳು ಬಂದ ವಾರದಲ್ಲೇ ಅಮ್ಮ ಹಗಲೆಲ್ಲ ತೂಕಡಿಸಿ, ಎದ್ದರೆ ಬಾಗಿಲು ಯಾವುದು ಗೋಡೆ ಯಾವುದು ತಿಳಿಯದೆ ತಡಕಾಡತೊಡಗಿದಳು. ಎಲ್ಲಾ ಅವರ ಮಾತ್ರೆಯದೇ ದೋಷವೆಂದು ನಾನು ಡಾಕ್ಟರಿಗೆ ಫೋನು ಮಾಡಿ ರೇಗಿದೆ. ಅವರು ಕೇಳಿದ್ದು ಒಂದೇ: "ಬೇರೆ ಮಾತ್ರೆ ಏನಾದ್ರೂ ಕೊಡ್ತಿದ್ದೀರಾ?"

"ಅಯ್ಯೋ, ನಮ್ಮನೇಲಿ ಅಂಥ ದಡ್ಡರಿಲ್ಲ ಸಾರ್!"

ಪಕ್ಕದಲ್ಲೇ ಇದ್ದ ಗೌರಿ ಬಾಯಿ ಹಾಕಿದಳು. "ನೆಗಡಿ ಮಾತ್ರೆ ಕೊಡ್ತಿದ್ನಲ್ಲಣ್ಣ, ಮೂಗು ಸೋರ್ತಿತ್ತು. ನಮ್ಮತ್ತೆಗೆ ಅದ್ರಿಂದ ಒಳ್ಳೆ ನಿದ್ದೆ ಬತ್ತಿತ್ತು."

ಆ ಜಾತಿಯ ನೆಗಡಿ ಮಾತ್ರೆ ಮಿದುಳಿನ ಅದೇ ರಸದ ಕೆಲಸಕ್ಕೆ ಅಡ್ಡ ಬರುತ್ತದಂತೆ! ಅದನ್ನು ಈಗಲೇ ನಿಲ್ಲಿಸಿ ಅಮ್ಮನನ್ನು ಕರೆತರಲು ಡಾಕ್ಟರು ಹೇಳಿದರು. ನಾನು ಫೋನಿಟ್ಟವನೇ ಸೂರು ಹಾರಿಹೋಗುವಂತೆ ಕೂಗಿದೆ. "ಕೇಳ್ದೆ ಯಾಕೆ ಕೊಟ್ಟೆ? ನೀನೇನು ಡಾಕ್ಟ್ರಾ? ತಲೇಲಿ ಏನು ತುಂಬ್ಕಂಡಿದ್ದೀಯೆ?"

"ನಂಗೂ ಅಮ್ಮನೇ ಅಲ್ವೇನಣ್ಣ?" ಎಂದು ಗೌರಿ ಅತ್ತುಬಿಟ್ಟಳು.

ಚಾಪೆಯ ಮೇಲಿದ್ದ ಅಮ್ಮ ಎದ್ದು ಕೂತು, ಮಗಳ ಕೈಹಿಡಿದು ನನ್ನನ್ನೇ ದುರುಗುಟ್ಟಿ ನೋಡಿದಳು. "ಅಳ್ಬೇಡ ಕಣಮ್ಮ. ಯಾವನೋ ಬಂದು ಕೂಗಾಡ್ತಾವ್ನೆ. ನನ್ ಮಗ ರಂಗ ಬರ್ಲಿ ತಡಿ, ಇವನ ಸೊಕ್ಕು ಮುರೀತಾನೆ."

ನಾನು ಹೋಗಿ ಹೊಸ್ತಿಲ ಬಳಿ ಕೂತೆ. ಅಮ್ಮ ಬೀದಿಯ ಕಡೆ ನೋಡುತ್ತಾ ರಂಗನಿಗಾಗಿ ಕಾದಳು. ಅವನು ಬೇಗ ಬರಲಪ್ಪಾ ಎಂದು ನಾನೂ ಕಾದೆ.