ವಾಷಿಂಗ್ ಮಷೀನ್ ಮೇಲಿನ ಹಕ್ಕರಕಿ ಹೊಲ

"ಅವ್ವಾ, ಈ ಸಲ ನೀ ಬೆಂಗಳೂರಿಗೆ ಬಾ. ನಾನ ಬೆಳೆದ ಹಕ್ಕರಕಿ ತಿನಸ್ತೀನಿ!" ಎಂದು ನಿಂಗರಾಜ ಫೋನಿನಲ್ಲಿ ಘೋಷಿಸಿಯೇಬಿಟ್ಟ.

ವಿಜಯಪುರದ ಕಡೆಯವರಿಗೆ ಹಕ್ಕರಕಿ ಎಂದರೆ ಸುಮ್ಮನೆ ಸೊಪ್ಪಲ್ಲ. ರೊಟ್ಟಿಯ ಜೊತೆ ಅದನ್ನು ಹಸಿಯಾಗಿಯೇ ಕಚಕಚ ಅಗಿದರೆ ಊಟ, ಇಲ್ಲದಿದ್ದರೆ ಹೊಟ್ಟೆ ತುಂಬಿಸುವ ಕೆಲಸ ಅಷ್ಟೇ! ಬಿಟಿಎಂ ಲೇಔಟಿನ ಸೊಪ್ಪಿನ ಗಾಡಿಯವನಿಗೆ ಆ ಹೆಸರು ಹೇಳಿದರೆ, "ಪಾಲಕ್ ತಗೊಳ್ಳಿ ಸಾರ್, ಫ್ರೆಶ್ ಆಗಿದೆ" ಎನ್ನುತ್ತಿದ್ದ.

"ಎಲ್ಲಿ ಬೆಳಿತೀರಿ?" ಎಂದು ಕೇಳಿದಳು ಹೆಂಡತಿ ಪ್ರಿಯಾಂಕಾ.

"ಬಾಲ್ಕನಿಯಾಗ! ಒಕ್ಕಲುತನದ ಮನಿತಾನದಾಗ ಹುಟ್ಟಿದಾಂವ ನಾ!"

"ಮೊದಲ ಆ ಬಾಲ್ಕನಿಯಾಗ ಎರಡೂ ಕಾಲು ಇಟ್ಟು ತೋರಸ್ರಿ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬಾಲ್ಕನಿಯಲ್ಲಿ ಖಾಲಿ ಸಿಲಿಂಡರ್, ಬಕೆಟ್ಟು, ಪೊರಕೆ, ವಾಷಿಂಗ್ ಮಷೀನ್ ಆಗಲೇ ಒಂದರ ಮೈಮೇಲೊಂದು ಬಿದ್ದುಕೊಂಡಿದ್ದವು. ಟೆರೇಸಿನ ಮಾತೆತ್ತುವಂತಿರಲಿಲ್ಲ. ಹಿಂದಿನ ಬಾಡಿಗೆಯವರ ಟೊಮೇಟೊ ಕುಂಡಗಳಿಂದ ತಾರಸಿ ಸೋರಿದ ಮೇಲೆ, ಕೆಳಗಿನ ಮನೆಯಲ್ಲಿರುವ ಓನರ್ ಲತಾಮಣಿ ಆಂಟಿ ಅದಕ್ಕೆ ಬೀಗ ಜಡಿದಿದ್ದರು. "ಬಾಲ್ಕನಿಲಿ ಏನಾದ್ರೂ ಮಾಡ್ಕೊಳ್ಳಿ ನಿಂಗರಾಜ್. ಒಂದೇ ಒಂದು ತೊಟ್ಟು ಕೆಸರು ಕೆಳಗೆ ಬಿತ್ತೋ, ಮನೆ ಖಾಲಿ ಮಾಡ್ಬೇಕು. ಆಮೇಲೆ ಆಂಟಿ ಕೆಟ್ಟೋರು ಅನ್ಬೇಡಿ!"

ಪುಟ್ಟೇನಹಳ್ಳಿಯ ಖಾಲಿ ಸೈಟೊಂದರಿಂದ ಚೀಲದಲ್ಲಿ ಮಣ್ಣು ಬಂತು. ಊರಿನಿಂದ ಬಸ್ಸಿನಲ್ಲಿ ಬೀಜ ಬಂತು. ಪ್ರಿಯಾಂಕಾ ಹಿಟ್ಟು ನಾದುವ ಸ್ಟೀಲ್ ಪರಾತ ಹೇಳದೆ ಕೇಳದೆ ಹೊಲವಾಯಿತು. ಇನ್ನು ಬೇಕಾದದ್ದು ಸೂರ್ಯ. ಎದುರಿನ ಎರಡು ಪಿಜಿ ಕಟ್ಟಡಗಳ ಸಂದಿಯಿಂದ ಅವನು ಬೆಳಿಗ್ಗೆ ಕೆಲಹೊತ್ತು ಇಣುಕುತ್ತಿದ್ದ. ಅದೂ ವಾಷಿಂಗ್ ಮಷೀನಿನ ಮುಚ್ಚಳದ ಮೇಲೆ ಮಾತ್ರ! ಹಾಗಾಗಿ ಹೊಲ ಮಷೀನನ್ನೇರಿತು. ಬಟ್ಟೆ ಒಗೆಯಬೇಕೆಂದರೆ ಮೊದಲು ಹೊಲ ಇಳಿಸಬೇಕು. ನಿಂಗರಾಜನೋ ಆಫೀಸಿಗೆ ಹೋದ ಮೇಲೂ ಫೋನ್ ಮಾಡುತ್ತಿದ್ದ. "ಸೂರ್ಯ ಬಂದಾನೇನ?"

"ಬಂದಿದ್ದ. ನೀವಿಲ್ಲ ಅಂತ ವಾಪಸ್ ಹೋದ. ಫೋನ್ ಇಡ್ರಿ, ನನಗೂ ಡ್ಯೂಟಿ ಐತಿ!"

ಅಂತೂ ಹಸಿರು ಕಾಣಿಸಿತು. ಭಾನುವಾರ ನಿಂಗರಾಜ ತಲೆಗೆ ಟವೆಲ್ ಸುತ್ತಿಕೊಂಡು ಕಳೆ ಕೀಳಲು ಕುಳಿತ. ದಷ್ಟಪುಷ್ಟವಾಗಿ ತಲೆಯೆತ್ತಿ ನಿಂತದ್ದೆಲ್ಲ ಹಕ್ಕರಕಿ, ನಡುವೆ ನೆಲಕ್ಕಂಟಿಕೊಂಡ ಬಡಕಲು ಗಿಡಗಳೆಲ್ಲ ಕಳೆ ಎಂದು ಮುಖ ನೋಡಿಯೇ ತೀರ್ಪು ಕೊಟ್ಟ. ನಿಜ ಹೇಳಬೇಕೆಂದರೆ, ಈ ಒಕ್ಕಲಿಗ ಮಹಾಶಯ ಹೊಲಕ್ಕೆ ಹೋಗುತ್ತಿದ್ದುದು ಎಳ್ಳ ಅಮಾವಾಸ್ಯೆಯ ಊಟಕ್ಕೆ ಮಾತ್ರ!

ಅವ್ವ ಶಂಕ್ರವ್ವ ಬರುವ ದಿನ ಬಂದೇಬಿಟ್ಟಿತು. ಅವ್ವನಿಗೆ ಶುಭ್ರವಾದ ಹಾಸಿಗೆ ಬೇಕೆಂದು ನಿಂಗರಾಜ ಬೆಡ್‌ಶೀಟುಗಳನ್ನು ಮಷೀನಿಗೆ ತುಂಬಿ, ಮುಚ್ಚಳ ಹಾಕಿದ. ಬಿಸಿಲು ದಂಡವಾಗಬಾರದೆಂದು ಪರಾತವನ್ನು ಮತ್ತೆ ಮೇಲಿಟ್ಟು ಶೇವಿಂಗಿಗೆ ಹೋದ. ಮಷೀನು ಬಟ್ಟೆ ಹಿಂಡಲು ಶುರುಮಾಡಿತು ನೋಡಿ! ಗಡಗಡ ನಡುಗಿತು. ಪರಾತ ಜಾರುತ್ತಾ ಜಾರುತ್ತಾ ಅಂಚಿಗೆ ಬಂದು ಢಣಾರ್ ಎಂದು ನೆಲಕ್ಕುರುಳಿತು. ಮಣ್ಣೆಲ್ಲ ನೀರು ಹೋಗುವ ತೂತಿಗೆ ಮೆತ್ತಿಕೊಂಡಿತು. ಮಷೀನು ಬಿಟ್ಟ ನೀರು ಹೋಗಲು ದಾರಿ ಕಾಣದೆ, ಕೆಸರಾಗಿ ಗಿಡಗಳ ಸಮೇತ ಬಾಲ್ಕನಿಯ ಅಂಚಿನಿಂದ ಕೆಳಗೆ ಧುಮುಕಿತು.

ಕೆಳಗೆ ಲತಾಮಣಿ ಆಂಟಿ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ ಒಣಹಾಕಿದ್ದರು.

"ನಿಂಗರಾಜ್!"

ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡೇ ಅವನು ಕೆಳಗೋಡಿದ. ಹಿಂದೆ ಪ್ರಿಯಾಂಕಾ. ಅದೇ ಗಳಿಗೆಗೆ ಗೇಟಿನ ಮುಂದೆ ಆಟೋ ನಿಂತು, ಗಂಟುಮೂಟೆ ಸಮೇತ ಶಂಕ್ರವ್ವ ಇಳಿದಳು. ಅವ್ವ ಬಂದ ದಿನವೇ ಸೂರು ಹೋಯಿತಲ್ಲ!

"ಹೇಳಿದ್ದೆ ತಾನೆ? ಮನೆ ಖಾಲಿ ಮಾಡಿ! ಈ ದರಿದ್ರ ಕಳೆ ಬೆಳೆಸೋಕೆ ನನ್ನ ಸಂಡಿಗೆನೇ ಬೇಕಿತ್ತಾ?" ಆಂಟಿ ಕೆಸರು ಸುರಿಯುವ ಗಿಡವೊಂದನ್ನು ಎತ್ತಿ ಹಿಡಿದರು.

ಏನಾದರೂ ಸಹಿಸಬಹುದು, ಇದನ್ನು ಸಹಿಸುವುದುಂಟೆ! "ಕಳೆ ಅನಬ್ಯಾಡ್ರಿ ಆಂಟಿ. ಅದು ಹಕ್ಕರಕಿ! ಬೇಕಾದ್ರ ನಮ್ಮವ್ವನ್ನ ಕೇಳ್ರಿ!"

ಶಂಕ್ರವ್ವ ಗಿಡವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಕ್ಕಾರು ಅಂದದ್ದ ಖರೆ ಐತಿ ತಮ್ಮಾ. ಇದು ಕಳೆನ."

"ಹಂಗಾರ ಹಕ್ಕರಕಿ?"

"ನೀವ ಭಾನುವಾರ ಕಿತ್ತು ಕಸದ ಗಾಡಿಗೆ ಕೊಟ್ರಲ್ರಿ!" ಎಂದಳು ಪ್ರಿಯಾಂಕಾ.

ಆಂಟಿ ಗಂಭೀರವಾಗಿರಲು ತುಟಿ ಕಚ್ಚಿಕೊಂಡರು. ಆಗಲಿಲ್ಲ. ನೊರೆ ಗಡ್ಡದ ರೈತನನ್ನು ನೋಡಿ ನಗು ಉಕ್ಕಿಬಂದು ಮೆಟ್ಟಿಲ ಮೇಲೇ ಕುಳಿತುಬಿಟ್ಟರು. "ಅಯ್ಯೋ ರಾಮ! ಕಳೆಗೆ ನೀರು ಹಾಕಿ, ಬೆಳೆ ಕಿತ್ತು ಬಿಸಾಕಿದ್ರಾ?"

"ಸಂಡಿಗಿ ನಾ ಮಾಡಿಕೊಡ್ತೀನ್ರಿ ಅಕ್ಕಾರ," ಎಂದಳು ಶಂಕ್ರವ್ವ.

"ಬೇಡ ಬಿಡಿ, ಇಬ್ರೂ ಸೇರಿ ಮಾಡೋಣ. ಮನೆ ಖಾಲಿ ಗೀಲಿ ಏನೂ ಬೇಡ. ನಿಮ್ಮಮ್ಮನ್ನ ಮೊದ್ಲು ಒಳಗೆ ಕರ್ಕೊಂಡು ಹೋಗ್ರಪ್ಪ."

ನಿಂಗರಾಜನಿಗೆ ಹೋದ ಜೀವ ಬಂದಂತಾಯಿತು. ಆದರೂ ಮೇಲೆ ಬಂದು ಅವ್ವನ ಮುಂದೆ ಕುಳಿತಾಗ ಮುಖ ಬಾಡಿತ್ತು. "ತಪ್ಪಾತವ್ವಾ. ನಿನಗ ಹಕ್ಕರಕಿ ತಿನಸಾಕ ಆಗಲಿಲ್ಲ."

ಶಂಕ್ರವ್ವ ಸುತ್ತ ಒಮ್ಮೆ ನೋಡಿ, ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಅಂಗೈ ಮೇಲಿಟ್ಟುಕೊಂಡಳು.

"ದೇವ್ರು ದೊಡ್ಡಾಂವ ತಮ್ಮಾ! ಹೋದ ತಿಂಗಳ ಇದನ್ನ ಕೂಡಿಸಿದಾಗಿಂದ ಹಸಿ ಸೊಪ್ಪು ಅಗ್ಯಾಕ ಆಗವಲ್ದು. ನೀ ಅಷ್ಟು ಹುರುಪಿನಿಂದ ಬೆಳಿಯಾಕ ಹತ್ತಿದ್ದಿ, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಹೆಂಗ ತಿನ್ನಲಿ ಅಂತ ದಾರಿ ತುಂಬ ಅದ ಚಿಂತಿ ಆಗಿತ್ತು ನೋಡು!"

ನಿಂಗರಾಜ ಗಡ್ಡದ ಮೇಲೆ ಒಣಗಿದ ನೊರೆ ಕೆರೆದುಕೊಂಡ.

"ಹಂಗ್ಯಾಕ ಕುಂತಿ? ಗಡ್ಡ ತೊಳಕೊಂಡು ಲಗೂನ ಹೋಟೆಲಿಗೆ ಹೋಗು. ಇಲ್ಲಿ ಇಡ್ಲಿ ಹತ್ತಿ ಹಂಗ ಮೆತ್ತಗಿರ್ತಾವಂತ, ಊರಾಗ ಎಲ್ಲಾರೂ ಹೇಳ್ತಾರ. ನಾ ಬಂದಿದ್ದ ಅದಕ್ಕ!"